ತಿನಿಸಿಗೆ ತವರು ಹುಡುಕುವ ಹೊತ್ತು

2025ರ ಮೇ ತಿಂಗಳು. ಭಾರತ–ಪಾಕಿಸ್ತಾನ ಸಂಘರ್ಷದ ಕಾವು ಇನ್ನೂ ಆರಿರಲಿಲ್ಲ. ಜೈಪುರದ ಕೆಲವು ಸಿಹಿತಿಂಡಿ ಅಂಗಡಿಗಳು ಗಾಜಿನ ಕಪಾಟಿನೊಳಗಿನ ಹೆಸರಿನ ಚೀಟಿಗಳನ್ನು ಬದಲಾಯಿಸಿದವು. ಮೋತಿ ಪಾಕ್ ಹೋಗಿ ‘ಮೋತಿ ಶ್ರೀ’ ಬಂತು, ಗೋಂದ್ ಪಾಕ್ ‘ಗೋಂದ್ ಶ್ರೀ’ ಆಯಿತು, ನಮ್ಮ ಮೈಸೂರುಪಾಕ ‘ಮೈಸೂರು ಶ್ರೀ’ ಆಯಿತು. ಕನ್ನಡಿಗರಿಗೆ ಸಿಟ್ಟೂ ಬಂತು, ನಗುವೂ ಬಂತು. ಪಾಕ ಅಂದರೆ ಸಕ್ಕರೆ ಪಾಕ ಸ್ವಾಮಿ, ಪಕ್ಕದ ದೇಶವಲ್ಲ ಎಂದು ಎಷ್ಟು ಹೇಳಿದರೂ ಸುದ್ದಿ ಮಾತ್ರ ಅಷ್ಟು ಹೊತ್ತಿಗೆ ದೇಶ ಸುತ್ತಿ ಬಂದಿತ್ತು.

ಪಾಕ ಏನೆಂದು ತಿಳಿಯಬೇಕಾದರೆ ಒಮ್ಮೆ ಒಲೆಯ ಮುಂದೆ ನಿಲ್ಲಬೇಕು. ಸಕ್ಕರೆ ಮುಳುಗುವಷ್ಟೇ ನೀರು ಹಾಕಿ ಕುದಿಸುತ್ತಾರೆ. ಹೆಬ್ಬೆರಳು, ತೋರುಬೆರಳ ನಡುವೆ ಒಂದು ಹನಿ ಹಿಡಿದು ಎಳೆದರೆ ಎಳೆಯೊಂದು ಕಡಿಯದೆ ನಿಲ್ಲಬೇಕು. ಅದು ಒಂದೆಳೆ ಪಾಕ. ಆಗ ಜರಡಿ ಹಿಡಿದ ಕಡಲೆಹಿಟ್ಟು ಉದುರಿಸಿ, ಗಂಟಾಗದಂತೆ ಕೈಯಾಡಿಸುತ್ತ, ಪಕ್ಕದ ಒಲೆಯ ಮೇಲೆ ಚೆನ್ನಾಗಿ ಕಾದ ತುಪ್ಪವನ್ನು ಸೌಟು ಸೌಟಾಗಿ ಸುರಿಯಬೇಕು. ಪ್ರತಿ ಸೌಟಿಗೂ ಹಿಟ್ಟು ಚುಂಯ್ ಎಂದು ಉಬ್ಬುತ್ತದೆ, ಒಳಗೆ ಜೇನುಗೂಡಿನಂತೆ ಕಣ್ಣು ಬಿಡುತ್ತದೆ. ಪಾಕ ಸ್ವಲ್ಪ ಮುಂದೆ ಹೋಯಿತೋ, ತಟ್ಟೆಯಲ್ಲಿ ಉಳಿಯುವುದು ಇಟ್ಟಿಗೆ. ನಮ್ಮ ಮನೆಯಲ್ಲಿ ಒಂದು ದೀಪಾವಳಿಗೆ ಹೀಗಾಗಿ, ಅದನ್ನು ಕುಟ್ಟಿ ಪುಡಿ ಮಾಡಿ ಹಾಲಿಗೆ ಹಾಕಿಕೊಂಡು ಕುಡಿದೆವು.

ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅರಮನೆಯ ಬಾಣಸಿಗ ಕಾಕಾಸುರ ಮಾದಪ್ಪ ಇದನ್ನು ಮೊದಲು ಮಾಡಿದರು ಎನ್ನುವುದು ಮೈಸೂರಿನಲ್ಲಿ ಎಲ್ಲರ ಬಾಯಲ್ಲಿರುವ ಕಥೆ. ಈ ಕಥೆಗೆ ಜೋರು ದನಿ ಬಂದದ್ದು 2019ರಲ್ಲಿ. ಮೈಸೂರುಪಾಕದ ಭೌಗೋಳಿಕ ಗುರುತು, ಅಂದರೆ ಜಿಐ ಟ್ಯಾಗ್, ತಮಿಳುನಾಡಿಗೆ ಸಿಕ್ಕಿತು ಎಂದು ಯಾರೋ ತಮಾಷೆಗೆ ಬರೆದ ಟ್ವೀಟನ್ನು ಕೆಲವು ಸುದ್ದಿವಾಹಿನಿಗಳು ನಿಜವೆಂದೇ ನಂಬಿದವು. ಎರಡು ದಿನ ಕರ್ನಾಟಕದಲ್ಲಿ ಕಾವೇರಿ ಗಲಾಟೆಯ ಛಾಯೆ. ಅಲ್ಲಿಯವರೆಗೆ ಡಬ್ಬಿ ತೆಗೆದು ತಿನ್ನುತ್ತಿದ್ದವರು ಅಂದು ಮೊದಲ ಬಾರಿಗೆ ಮಾದಪ್ಪನವರ ಹೆಸರು ಹುಡುಕಿದರು.

ಜಗತ್ತಿನ ಹೆಸರಾಂತ ತಿನಿಸುಗಳ ಮೂಲದ ಬಗ್ಗೆ ಓದುತ್ತ ಹೋದಂತೆ ನನಗೆ ಕಂಡಿರುವುದು ಇದೇ. ತಿನಿಸು ಎಂದು ಹುಟ್ಟಿತು ಎಂದು ಕೇಳಿದರೆ ಸಿಗುವ ಉತ್ತರ ಸಾಮಾನ್ಯವಾಗಿ ಮಸುಕು. ‘ಇದು ನಮ್ಮದು’ ಎಂಬ ಕೂಗು ಎಂದು ಹುಟ್ಟಿತು ಎಂದು ಕೇಳಿ ನೋಡಿ, ತಾರೀಖಿನ ಸಮೇತ ಉತ್ತರ ಸಿಗುತ್ತದೆ.

ಬೋರ್ಷ್ ವಿಷಯ ತೆಗೆದುಕೊಳ್ಳಿ. ಬೀಟ್‌ರೂಟ್ ಹಾಕಿದ ಕಡುಗೆಂಪು ಹುಳಿ ಸಾರು ಅದು. ಉಕ್ರೇನ್, ರಷ್ಯಾ, ಪೋಲೆಂಡ್, ಬೆಲಾರೂಸ್, ಎಲ್ಲ ಕಡೆಯೂ ಮಾಡುತ್ತಾರೆ. ಸ್ವಾರಸ್ಯವೆಂದರೆ ಹೆಸರಿಗೂ ಬೀಟ್‌ರೂಟಿಗೂ ಸಂಬಂಧವೇ ಇರಲಿಲ್ಲ. ಆ ಸೀಮೆಯ ಹಸಿ ನೆಲದಲ್ಲಿ ಬೆಳೆಯುವ ಒಂದು ಕಾಡುಸೊಪ್ಪಿನ ಹೆಸರು ಅದು. ಸೊಪ್ಪನ್ನು ನೀರಿನಲ್ಲಿ ಹುದುಗಿಸಿ, ಹುಳಿ ಬಂದ ಮೇಲೆ ಸಾರು ಕಾಯಿಸುತ್ತಿದ್ದರು. ಬಡವರ ಊಟ. ಆಮೇಲೆ ಸೊಪ್ಪು ಹೋಗಿ ಹುದುಗಿಸಿದ ಬೀಟ್‌ರೂಟ್ ಬಂತು, ಇನ್ನೂ ಆಮೇಲೆ ಅಮೆರಿಕ ಖಂಡದಿಂದ ಯುರೋಪಿಗೆ ಬಂದಿದ್ದ ಆಲೂಗಡ್ಡೆ, ಟೊಮೆಟೊ ಬಂದವು. ಹೆಸರು ಮಾತ್ರ ಅದೇ ಉಳಿಯಿತು.

ಉಕ್ರೇನಿನ ಬಾಣಸಿಗ ಯೆವ್ಹೆನ್ ಕ್ಲೊಪೊಟೆಂಕೊ ಇದನ್ನು ಯುನೆಸ್ಕೋ ಪಟ್ಟಿಗೆ ಸೇರಿಸಬೇಕೆಂದು ಯುದ್ಧಕ್ಕೆ ಮೊದಲೇ ಓಡಾಡುತ್ತಿದ್ದ. 2022ರ ಫೆಬ್ರವರಿಯಲ್ಲಿ ರಷ್ಯಾ ದಂಡೆತ್ತಿ ಬಂತು. ಜುಲೈ 1ರಂದು ಯುನೆಸ್ಕೋ ಉಕ್ರೇನಿನ ಬೋರ್ಷ್ ಅಡುಗೆಯ ಸಂಸ್ಕೃತಿಯನ್ನು ತುರ್ತಾಗಿ ಉಳಿಸಿಕೊಳ್ಳಬೇಕಾದ ಪರಂಪರೆಗಳ ಪಟ್ಟಿಗೆ ಸೇರಿಸಿತು. ಅದಕ್ಕೆ ಕೆಲವು ತಿಂಗಳು ಮೊದಲೇ ರಷ್ಯಾದ ವಿದೇಶಾಂಗ ವಕ್ತಾರೆ ಮಾರಿಯಾ ಜಖರೋವಾ, ಬೋರ್ಷನ್ನು ಹಂಚಿಕೊಳ್ಳಲೂ ಒಪ್ಪದವರು ಎಂದು ಉಕ್ರೇನಿಯನ್ನರನ್ನು ಜರೆದಿದ್ದರು. ಊರಿನ ಮೇಲೆ ಬಾಂಬು ಹಾಕುತ್ತಿರುವವರು ಸಾರು ಹಂಚಿಕೊಳ್ಳಲಿಲ್ಲ ಎಂದು ಮುನಿಸಿಕೊಂಡದ್ದು ಇತಿಹಾಸದಲ್ಲಿ ಬೇರೆಲ್ಲೂ ಇರಲಿಕ್ಕಿಲ್ಲ.

ಇಲ್ಲಿ ನಾನು ಉಕ್ರೇನಿನ ಪರ. ಸಾರು ಮೊದಲು ಕುದಿದದ್ದು ಅಲ್ಲಿಯೇ ಎಂಬ ಕಾರಣಕ್ಕಲ್ಲ. ಆ ತುರ್ತು ಪಟ್ಟಿ ಕೇಳುವ ಪ್ರಶ್ನೆಯೇ ಬೇರೆ. ಮಾಡುವವರು ಊರು ಬಿಟ್ಟು ಚದುರಿದ್ದಾರೆ, ಬೀಟ್‌ರೂಟ್ ಬೆಳೆಯುವ ಹೊಲದಲ್ಲಿ ನೆಲಬಾಂಬುಗಳಿವೆ, ಅಜ್ಜಿಯಿಂದ ಮೊಮ್ಮಗಳಿಗೆ ದಾಟಬೇಕಾದ ಕೈಗುಣ ದಾಟುತ್ತದೆಯೇ? ಅದು ಸಾಚಾ ಪ್ರಶ್ನೆ. ಪಟ್ಟಿಗೆ ಸೇರಿದ ಮಾತ್ರಕ್ಕೆ ಯಾವ ದೇಶಕ್ಕೂ ಒಡೆತನ ಸಿಕ್ಕಂತಲ್ಲ ಎಂದು ಯುನೆಸ್ಕೋ ಪ್ರತಿ ಸಲವೂ ಹೇಳುತ್ತದೆ. ಮರುದಿನ ಎಲ್ಲ ದೇಶಗಳ ಪತ್ರಿಕೆಗಳಲ್ಲೂ ‘ನಾವು ಗೆದ್ದೆವು’ ಎಂಬ ತಲೆಬರಹವೇ ಬರುತ್ತದೆ.

ಎಲ್ಲ ಜಗಳಕ್ಕೂ ಇಷ್ಟು ತೂಕವಿಲ್ಲ. ಬೇಯಿಸಿದ ಕಡಲೆಯನ್ನು ಅರೆದು ಮಾಡುವ ಹಮ್ಮುಸ್ ಯಾರದು ಎಂದು ಲೆಬನಾನ್, ಇಸ್ರೇಲ್ ನಡುವೆ ನಡೆದದ್ದು ತಟ್ಟೆಯ ಗಾತ್ರದ ಪೈಪೋಟಿ. 2010ರ ಮೇನಲ್ಲಿ ಲೆಬನಾನಿನ ಬಾಣಸಿಗರು 10,452 ಕೆ.ಜಿ. ಹಮ್ಮುಸ್ ಅರೆದು ಗಿನ್ನೆಸ್ ದಾಖಲೆ ಮಾಡಿದರು. ಆ ಸಂಖ್ಯೆ ಸುಮ್ಮನೆ ಬಂದದ್ದಲ್ಲ. ಲೆಬನಾನ್ ದೇಶದ ವಿಸ್ತೀರ್ಣ 10,452 ಚದರ ಕಿಲೋಮೀಟರ್. ಕಡಲೆಯಲ್ಲಿ ನಕ್ಷೆ ಬರೆದರು ಅನ್ನಿ. ಉತ್ತರ ಆಫ್ರಿಕದವರು ಸ್ವಲ್ಪ ಜಾಣರು. ಗೋಧಿ ರವೆಯ ಕಾಳನ್ನು ಹಬೆಯಲ್ಲಿ ಬೇಯಿಸುವ ಕುಸ್‌ಕುಸ್ ತನ್ನದೆಂದು ಅಲ್ಜೀರಿಯಾ ಒಂಟಿಯಾಗಿ ಅರ್ಜಿ ಹಾಕಲು ಹೊರಟಾಗ ಮೊರಾಕೊ ಕೆರಳಿತ್ತು. ಕೊನೆಗೆ 2020ರಲ್ಲಿ ಅಲ್ಜೀರಿಯಾ, ಮೊರಾಕೊ, ಟುನೀಶಿಯಾ, ಮಾರಿಟೇನಿಯಾ ನಾಲ್ಕೂ ಸೇರಿ ಪಟ್ಟಿಗೆ ಹಾಕಿಸಿಕೊಂಡವು. ಅಲ್ಜೀರಿಯಾ, ಮೊರಾಕೊ ಒಂದೇ ಕಾಗದಕ್ಕೆ ಸಹಿ ಹಾಕುವುದೇ ಅಪರೂಪ.

ಇನ್ನು ಇಟಲಿ. 2025ರ ಡಿಸೆಂಬರಿನಲ್ಲಿ ಯುನೆಸ್ಕೋ ಸಮಿತಿ ದೆಹಲಿಯ ಕೆಂಪುಕೋಟೆಯಲ್ಲಿ ಸೇರಿತ್ತು. ಅದೇ ಅಧಿವೇಶನದಲ್ಲಿ ನಮ್ಮ ದೀಪಾವಳಿ ಪಟ್ಟಿಗೆ ಸೇರಿತು, ಇಟಲಿಯ ಅಡುಗೆಯೂ ಸೇರಿತು. ರೋಮಿನಲ್ಲಿ ಸಂಭ್ರಮ. ಆದರೆ ಪಾರ್ಮಾ ವಿಶ್ವವಿದ್ಯಾಲಯದ ಇತಿಹಾಸ ಪ್ರಾಧ್ಯಾಪಕ ಆಲ್ಬೆರ್ಟೊ ಗ್ರಾಂಡಿ ವರ್ಷಗಳಿಂದ ಹೇಳುತ್ತಿರುವ ಮಾತೇ ಬೇರೆ: ನೀವು ಪುರಾತನವೆಂದು ಮೆರೆಸುವ ತಿನಿಸುಗಳಲ್ಲಿ ಬಹುಪಾಲು ನಿಮ್ಮ ಅಜ್ಜ ಕಂಡದ್ದಲ್ಲ. ಈ ಮಾತಿಗಾಗಿ ಆತ ತನ್ನ ದೇಶದಲ್ಲಿ ತಿಂದ ಬೈಗುಳಕ್ಕೆ ಲೆಕ್ಕವಿಲ್ಲ.

ಮೊಟ್ಟೆ, ಚೀಸ್, ಹಂದಿಮಾಂಸ ಸೇರಿಸಿ ಮಾಡುವ ಕಾರ್ಬೊನಾರಾ ಪಾಸ್ತಾಗೆ ಕೆನೆ ಹಾಕಿದರೆ ರೋಮಿನವರಿಗೆ ಮೈಯೆಲ್ಲ ಉರಿಯುತ್ತದೆ. ಆದರೆ ಅಚ್ಚಾದ ಪಾಕವಿಧಾನಗಳ ಪೈಕಿ ಇದುವರೆಗೆ ಸಿಕ್ಕಿರುವ ಅತಿ ಹಳೆಯದು 1952ರದು, ಅದೂ ಅಮೆರಿಕದ ಶಿಕಾಗೋ ನಗರದ ಒಂದು ಪುಸ್ತಕದಲ್ಲಿ. ಎರಡು ವರ್ಷ ಬಿಟ್ಟು ಇಟಲಿಯ ಪತ್ರಿಕೆಯೊಂದರಲ್ಲಿ ಬಂದ ವಿಧಾನದಲ್ಲಿ ಬೆಳ್ಳುಳ್ಳಿ ಇದೆ, ಸ್ವಿಟ್ಜರ್ಲೆಂಡಿನ ಗ್ರುಯೇರ್ ಚೀಸ್ ಇದೆ. ಇವತ್ತು ಹಾಗೆ ಮಾಡಿದರೆ ಅಂಗಡಿ ಮುಚ್ಚಿಸುತ್ತಾರೆ. ಟೊಮೆಟೊ ಕಥೆ ಇನ್ನೂ ಚೆನ್ನ. ನೇಪಲ್ಸಿನಲ್ಲಿ ಆಂಟೋನಿಯೊ ಲಾಟಿನಿ ಎಂಬ ಅಡುಗೆಯ ಮೇಲ್ವಿಚಾರಕ 1690ರ ದಶಕದಲ್ಲಿ ಟೊಮೆಟೊ ಸಾಸ್ ಮಾಡುವ ಬಗೆ ಬರೆದಿಟ್ಟ. ಅದಕ್ಕೆ ಅವನು ಕೊಟ್ಟ ಹೆಸರು ‘ಸ್ಪೇನಿನವರ ರೀತಿಯ’ ಸಾಸ್. ಇಟಲಿಯ ಅಡುಗೆಯ ಗುರುತೇ ಆಗಿರುವ ಕೆಂಪು ಬಣ್ಣ, ಇಟಲಿಯ ಕಾಗದದಲ್ಲೇ ಮೊದಲು ಪರದೇಶದ ಹೆಸರು ಹೊತ್ತು ಬಂದಿದೆ.

ಗ್ರಾಂಡಿಯ ಮಾತನ್ನು ಪೂರ್ತಿ ಒಪ್ಪಿಬಿಟ್ಟರೆ ಇನ್ನೊಂದು ತಪ್ಪಿಗೆ ಬೀಳುತ್ತೇವೆ. ಸಾಮಗ್ರಿ ಹೊರಗಿನದು, ಹಾಗಾಗಿ ತಿನಿಸೂ ಹೊರಗಿನದು ಎಂಬ ವಾದ ಅದು. ನೂಲು ಬೇರೆ ಊರಿನದಾದರೂ ಸೀರೆ ಇಳಕಲ್ಲಿನದೇ ಅಲ್ಲವೇ? ಸಾಮಗ್ರಿ ಎಲ್ಲಿಂದ ಬಂತು, ಮಾಡುವ ಹದ ಎಲ್ಲಿ ಕೂಡಿಬಂತು, ಹೆಸರು ಹೇಳಿ ಮಾರಿದವರು ಯಾರು ಎಂಬ ಮೂರು ಬೇರೆ ಬೇರೆ ಪ್ರಶ್ನೆಗಳನ್ನು ಒಂದೇ ಪಾತ್ರೆಗೆ ಹಾಕಿ ಕಲಕುವುದರಿಂದಲೇ ಅರ್ಧ ಜಗಳ. ನಮ್ಮ ದೇಶದ ಕಾನೂನು ಈ ವಿಷಯದಲ್ಲಿ, ಸೋಜಿಗವೆನ್ನುವಂತೆ, ಜನರಿಗಿಂತ ಹೆಚ್ಚು ವಿವೇಕ ತೋರಿಸಿದೆ.

ಭೌಗೋಳಿಕ ಗುರುತಿನ ಕಾಯ್ದೆ ಬಂದದ್ದು 1999ರಲ್ಲಿ, ಜಾರಿಯಾದದ್ದು 2003ರಲ್ಲಿ. ನೋಂದಣಿ ಕಚೇರಿ ಚೆನ್ನೈಯಲ್ಲಿದೆ. ಒಂದು ಸರಕಿನ ಗುಣಕ್ಕೋ ಹೆಸರುವಾಸಿಗೋ ಆ ನೆಲ ಕಾರಣವೇ ಎಂದಷ್ಟೇ ಅದು ಕೇಳುತ್ತದೆ. ಮೊದಲು ಕಂಡುಹಿಡಿದವರು ಯಾರು ಎಂದು ತೀರ್ಪು ಕೊಡುವ ಗೋಜಿಗೆ ಅದು ಹೋಗುವುದಿಲ್ಲ. 2017ರ ನವೆಂಬರಿನಲ್ಲಿ ಪಶ್ಚಿಮ ಬಂಗಾಳಕ್ಕೆ ಸಿಕ್ಕಿದ್ದು ‘ಬಾಂಗ್ಲಾರ್ ರಸೊಗೊಲ್ಲ’ ಎಂಬ ಹೆಸರಿಗೆ ಗುರುತು. 1868ರಲ್ಲಿ ಕಲ್ಕತ್ತೆಯ ಬಾಗ್‌ಬಜಾರಿನ ನೊಬೀನ್ ಚಂದ್ರ ದಾಸ್ ಮಾಡಿದ್ದೆನ್ನುವ ಬಿಳಿಯ, ಸ್ಪಂಜಿನಂಥ ಉಂಡೆ ಅದು. ಬಂಗಾಳ ಗೆದ್ದಿತು, ಒಡಿಶಾ ಸೋತಿತು ಎಂದು ಎಲ್ಲರೂ ಬರೆದರು. 2019ರ ಜುಲೈನಲ್ಲಿ ‘ಒಡಿಶಾ ರಸಗೋಲ’ಕ್ಕೂ ಗುರುತು ಸಿಕ್ಕಿತು. ಪುರಿಯಲ್ಲಿ ರಥಯಾತ್ರೆ ಮುಗಿಸಿ ಜಗನ್ನಾಥ ಗುಡಿಗೆ ಹಿಂತಿರುಗುವ ದಿನ, ತನ್ನನ್ನು ಬಿಟ್ಟುಹೋದನೆಂದು ಮುನಿದ ಲಕ್ಷ್ಮಿಗೆ ಸಮಾಧಾನ ಮಾಡಲು ಕೊಡುವ ಸಿಹಿ ಅದು. ಮೆತ್ತಗೆ, ತುಸು ಕಂದು ಬಣ್ಣ. ಕಚೇರಿಯ ಕಡತದಲ್ಲಿ ಎರಡೂ ಅಕ್ಕಪಕ್ಕ ಆರಾಮವಾಗಿ ಕುಳಿತಿವೆ. ಜಗಳ ಉಳಿದಿರುವುದು ಫೇಸ್‌ಬುಕ್ಕಿನಲ್ಲಿ.

ನಮ್ಮ ಕಡೆಯ ಎರಡು ಗುರುತುಗಳನ್ನು ನೋಡಿ. ಧಾರವಾಡ ಫೇಡೆಗೆ ಭೌಗೋಳಿಕ ಗುರುತು ಇದೆ. ಅದನ್ನು ಧಾರವಾಡಕ್ಕೆ ತಂದದ್ದು 19ನೇ ಶತಮಾನದಲ್ಲಿ ಉತ್ತರ ಪ್ರದೇಶದ ಉನ್ನಾವದಿಂದ ಪ್ಲೇಗಿಗೆ ಹೆದರಿ ವಲಸೆ ಬಂದ ಠಾಕೂರ್ ಮನೆತನ ಎನ್ನುತ್ತಾರೆ. ಇಲ್ಲಿನ ಎಮ್ಮೆ ಹಾಲು, ಇಲ್ಲಿನ ಕೈ, ಖವೆಯನ್ನು ಕಂದು ಬಣ್ಣಕ್ಕೆ ಬರುವ ತನಕ ಹುರಿಯುವ ಹಟ, ಎಲ್ಲ ಸೇರಿ ಅದು ಧಾರವಾಡದ್ದಾಯಿತು. ಉನ್ನಾವದವರು ಬಂದು ಹಕ್ಕು ಕೇಳಿದ್ದನ್ನು ನಾನಂತೂ ಕೇಳಿಲ್ಲ. ಇನ್ನೊಂದು ಬ್ಯಾಡಗಿ ಮೆಣಸಿನಕಾಯಿ. ಖಾರ ಕಡಿಮೆ, ಬಣ್ಣ ಗಾಢ, ಸಿಪ್ಪೆಯಲ್ಲಿ ನೆರಿಗೆ. ಸೀಜನ್ನಿನಲ್ಲಿ ಬ್ಯಾಡಗಿ ಮಾರುಕಟ್ಟೆಗೆ ಹೋದವರಿಗೆ ಗೊತ್ತು: ಕಣ್ಣು ಹರಿಯುವಷ್ಟು ದೂರ ಚೀಲದ ಮೇಲೆ ಚೀಲ, ಗೇಟಿನ ಹೊರಗೇ ಸೀನು ಶುರು. ಅಮೆರಿಕ ಖಂಡದಲ್ಲಿ ಹುಟ್ಟಿ, ಪೋರ್ಚುಗೀಸರ ಹಡಗು ಹತ್ತಿ ಬಂದ ಈ ಗಿಡಕ್ಕೆ ಇಲ್ಲಿ ಐದು ನೂರು ವರ್ಷ ತುಂಬಿರುವುದೂ ಅನುಮಾನ. ಹಾವೇರಿ ಜಿಲ್ಲೆಯ ಒಂದು ಊರಿನ ಹೆಸರು ಅದಕ್ಕೆ ಅಂಟಿಕೊಂಡಿದೆ, ಯಾರೂ ತಕರಾರು ಮಾಡುವಂತಿಲ್ಲ.

ತಕರಾರು ಕೋರ್ಟಿಗೆ ಹೋಗುವುದು ಮೂರನೆಯ ಪ್ರಶ್ನೆಯಲ್ಲಿ, ಹೆಸರು ಹೇಳಿ ಮಾರುವಲ್ಲಿ. 2024ರ ಜನವರಿಯಲ್ಲಿ ಬಟರ್ ಚಿಕನ್ ದೆಹಲಿ ಹೈಕೋರ್ಟಿನ ಮೆಟ್ಟಿಲು ಹತ್ತಿತು. ‘ಬಟರ್ ಚಿಕನ್ ಮತ್ತು ದಾಲ್ ಮಖನಿ ಕಂಡುಹಿಡಿದವರು’ ಎಂದು ದರಿಯಾಗಂಜ್ ಹೋಟೆಲ್ ಸರಣಿ ಬರೆದುಕೊಳ್ಳಬಾರದು ಎಂದು ಮೋತಿ ಮಹಲ್‌ನವರು ದಾವೆ ಹೂಡಿದರು. ದೇಶ ಇಬ್ಭಾಗವಾದಾಗ ಪೇಶಾವರ ಬಿಟ್ಟು ಬಂದ ಇಬ್ಬರು ಕುಂದನ್‌ಲಾಲರು, ಒಬ್ಬರು ಗುಜ್ರಾಲ್, ಇನ್ನೊಬ್ಬರು ಜಗ್ಗಿ, ದೆಹಲಿಯ ದರಿಯಾಗಂಜ್‌ನಲ್ಲಿ ಒಂದೇ ಹೋಟೆಲಿನ ಪಾಲುದಾರರಾಗಿದ್ದರು. ಪೇಶಾವರದಲ್ಲೇ 1930ರ ದಶಕದಲ್ಲಿ ಗುಜ್ರಾಲ್ ಮಾಡಿದ್ದು ಎಂದು ಮೋತಿ ಮಹಲ್‌ನ ಕುಟುಂಬ, ದೆಹಲಿಗೆ ಬಂದ ಮೇಲೆ ಜಗ್ಗಿ ಮಾಡಿದ್ದು ಎಂದು ದರಿಯಾಗಂಜ್ ಸರಣಿಯ ಕುಟುಂಬ. ತಂದೂರಿ ಕೋಳಿಯನ್ನು ಟೊಮೆಟೊ, ಬೆಣ್ಣೆ, ಕೆನೆಯ ಗ್ರೇವಿಗೆ ಹಾಕಿದ ಆ ಸಂಜೆಯ ಕಥೆಗೆ ಅಡುಗೆಮನೆಯಲ್ಲಿ ಯಾರು ತಾನೆ ಪಂಚನಾಮೆ ಬರೆದಿಟ್ಟಿರುತ್ತಾರೆ? ದಾವೆಯ ಕಾಗದ ಮಾತ್ರ 2,700 ಪುಟ ದಾಟಿದೆ.

ಯಾರು ಮಾಡಿದರು ಎಂದು ಸರಿಯಾಗಿ ಗೊತ್ತಿರುವ ತಿನಿಸಿಗೆ ಮಾತ್ರ ವಾರಸುದಾರರೇ ಇಲ್ಲ. ಕಲ್ಕತ್ತೆಯಲ್ಲಿ ಹುಟ್ಟಿದ ಚೀನೀ ಮೂಲದ ನೆಲ್ಸನ್ ವಾಂಗ್ 1975ರಲ್ಲಿ ಮುಂಬಯಿಯ ಕ್ರಿಕೆಟ್ ಕ್ಲಬ್ಬಿನ ಅಡುಗೆಮನೆಯಲ್ಲಿ ಬೆಳ್ಳುಳ್ಳಿ, ಶುಂಠಿ, ಹಸಿಮೆಣಸಿನಕಾಯಿಗೆ ಗರಂ ಮಸಾಲೆಯ ಬದಲು ಸೋಯಾ ಸಾಸ್, ಕಾರ್ನ್‌ಫ್ಲೋರ್ ಹಾಕಿ ಚಿಕನ್ ಮಂಚೂರಿಯನ್ ಮಾಡಿದರು. ಮಂಚೂರಿಯಾದವರಿಗೆ ಇದರ ಸುದ್ದಿಯೇ ಇಲ್ಲ. ಕೋಳಿಯ ಜಾಗಕ್ಕೆ ಹೂಕೋಸು ಬಂದು, ‘ಗೋಬಿ’ ಎಂಬ ಎರಡಕ್ಷರವಾಗಿ, ನಮ್ಮ ಊರೂರಿನ ಬಸ್‌ಸ್ಟ್ಯಾಂಡಿನ ಗಾಡಿ ಸೇರಿತು. ‘ಅಣ್ಣಾ, ಒಂದು ಹಾಫ್ ಗೋಬಿ, ಡ್ರೈ’ ಎನ್ನುವವರಿಗೆ ಅದು ಚೀನಾದ್ದೋ ಮುಂಬಯಿಯದೋ ಕಟ್ಟಿಕೊಂಡು ಏನಾಗಬೇಕು? 2024ರ ಮಾರ್ಚಿನಲ್ಲಿ ಕರ್ನಾಟಕ ಸರ್ಕಾರ ಗೋಬಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿದಾಗ ರಾಜ್ಯವೇ ಎದ್ದು ಕುಳಿತಿತು. ಮೂಲದ ಬಗ್ಗೆ ಜಗಳವಾಡದವರು ಬಣ್ಣದ ಬಗ್ಗೆ ಆಡಿದರು. ಒಂದು ತಿನಿಸು ಜನರದ್ದಾಗಿದೆ ಎನ್ನಲು ಇದಕ್ಕಿಂತ ಪುರಾವೆ ಬೇಕೇ?

ಇಡ್ಲಿಯ ವಿಷಯಕ್ಕೆ ಬರದೆ ವಿಧಿಯಿಲ್ಲ. ಸುಮಾರು 920ರ ವಡ್ಡಾರಾಧನೆಯಲ್ಲಿ ‘ಇಡ್ಡಲಿಗೆ’ ಬರುತ್ತದೆ, ಆದ್ದರಿಂದ ಇಡ್ಲಿ ಕನ್ನಡಿಗರದ್ದು ಎಂದು ವರ್ಷಕ್ಕೊಮ್ಮೆಯಾದರೂ ವಾಟ್ಸ್‌ಆಪ್ಪಿನಲ್ಲಿ ಓದುತ್ತೇವೆ. ಹೆಸರು ನಮ್ಮದು, ಅನುಮಾನವಿಲ್ಲ. ವಸ್ತು? 1025ರ ಸುಮಾರಿಗೆ ಎರಡನೆಯ ಚಾವುಂಡರಾಯ ಲೋಕೋಪಕಾರದಲ್ಲಿ ಹೇಳುವುದು ಉದ್ದಿನಬೇಳೆಯನ್ನು ಮಜ್ಜಿಗೆಯಲ್ಲಿ ನೆನೆಸಿ, ನುಣ್ಣಗೆ ಅರೆದು, ಮೊಸರಿನ ತಿಳಿ, ಜೀರಿಗೆ, ಕೊತ್ತಂಬರಿ, ಮೆಣಸು, ಇಂಗು ಸೇರಿಸುವ ಬಗೆ. ಕಲ್ಯಾಣದ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿರುವ ‘ಇಡ್ಡರಿಕಾ’ ಕೂಡ ಉದ್ದಿನದೇ. ಅಕ್ಕಿ ಇಲ್ಲ, ರಾತ್ರಿಯಿಡೀ ಹುದುಗು ಬರಿಸುವ ಮಾತಿಲ್ಲ. ಆಹಾರ ಇತಿಹಾಸಕಾರ ಕೆ.ಟಿ. ಅಚ್ಚಯ್ಯ ಇದನ್ನು ಗಮನಿಸಿ, ಹುದುಗಿಸಿ ಹಬೆಯಲ್ಲಿ ಬೇಯಿಸುವ ಕಲೆ ಇಂಡೋನೇಷ್ಯಾದಿಂದ ಬಂದಿರಬಹುದು ಎಂದು ಊಹಿಸಿದರು. ಅದೂ ಊಹೆಯೇ, ಪಾತ್ರೆಯ ಬಾಯಿಗೆ ಬಟ್ಟೆ ಕಟ್ಟಿ ಹಬೆಯಲ್ಲಿ ಬೇಯಿಸಲು ಸಮುದ್ರ ದಾಟಿ ಪಾಠ ಹೇಳಿಸಿಕೊಳ್ಳಬೇಕೆಂದು ನನಗೆ ತೋರುವುದಿಲ್ಲ. ಬೋರ್ಷಿನಲ್ಲಿ ಆದದ್ದೇ ಇಲ್ಲೂ ಆಗಿದೆ: ಹೆಸರು ಸಾವಿರ ವರ್ಷ ಕೂತಲ್ಲೇ ಕೂತಿದೆ, ಒಳಗಿನ ಹಿಟ್ಟು ಬದಲಾಗಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಬರ ಬಂದಾಗ ಬೆಂಗಳೂರಿನಲ್ಲಿ ರವೆ ಬಿದ್ದು ರವೆ ಇಡ್ಲಿಯಾಯಿತು ಎಂದು ಎಂಟಿಆರ್‌ನವರು ಹೇಳುತ್ತಾರೆ. ಅದನ್ನೂ ಇಡ್ಲಿ ಎಂದೇ ಕರೆದೆವು.

ತಿನಿಸಿನ ಊರು ಹುಡುಕಲು ಟ್ವಿಟರಿಗೆ ಹೋಗುವ ಬದಲು ಮಾತಿನಲ್ಲೇ ಹುಡುಕಿದರೆ ಬೇಗ ಸಿಗುತ್ತದೆ. ಮೆಣಸು ನಮ್ಮಲ್ಲಿ ಮೊದಲಿನಿಂದ ಇದ್ದದ್ದು. ಅದೇ ಖಾರದ ಕಾಯಿಯೊಂದು ಕಡಲು ದಾಟಿ ಬಂದಾಗ ‘ಮೆಣಸಿನಕಾಯಿ’ ಎಂದೆವು. ಪಾಪ, ಹಳೆಯ ಮೆಣಸು ತನ್ನ ಮನೆಯಲ್ಲೇ ‘ಕಾಳುಮೆಣಸು’, ‘ಕರಿಮೆಣಸು’ ಎಂದು ಗುರುತು ಹೇಳಿಕೊಳ್ಳಬೇಕಾಯಿತು. ಪರಂಗಿ ಹಣ್ಣಿನ ಹೆಸರಿನಲ್ಲೇ ಫರಂಗಿಯವರಿದ್ದಾರೆ. ಕರಾವಳಿಯ ಬಟಾಟೆ ಪೋರ್ಚುಗೀಸರ ‘ಬಟಾಟ’. ಸೀಮೆಬದನೆಕಾಯಿಯ ‘ಸೀಮೆ’ ಎಲ್ಲಿಯದೆಂದು ಸೀಮೆಎಣ್ಣೆ ನೆನೆದರೆ ತಿಳಿಯುತ್ತದೆ. ಬೀನ್ಸ್, ಕ್ಯಾರೆಟ್, ಎಲೆಕೋಸಿಗೆ ನಮ್ಮ ಸಂತೆಯಲ್ಲಿ ಇಂದಿಗೂ ‘ಇಂಗ್ಲಿಷ್ ತರಕಾರಿ’ ಎನ್ನುವವರಿದ್ದಾರೆ.

ಈ ಲೆಕ್ಕವನ್ನು ಕಟ್ಟುನಿಟ್ಟಾಗಿ ಇಟ್ಟಿರುವ ಅಡುಗೆಮನೆಯೊಂದನ್ನು ನಾನು ಪ್ರತಿ ವರ್ಷ ನೋಡುತ್ತೇನೆ, ನಮ್ಮ ಮನೆಯ ತಿಥಿಯ ದಿನ. ಅಡುಗೆಗೆ ಬರುವ ಭಟ್ಟರು ಹಿಂದಿನ ದಿನವೇ ಫೋನಿನಲ್ಲಿ ಚೀಟಿ ಬರೆಸುತ್ತಾರೆ: ಬಾಳೆಕಾಯಿ, ಹಾಗಲಕಾಯಿ, ಗೋರಿಕಾಯಿ, ಸುವರ್ಣಗಡ್ಡೆ, ಎಳ್ಳು, ಉದ್ದು, ಕಾಳುಮೆಣಸು. ಆಲೂಗಡ್ಡೆ, ಟೊಮೆಟೊ, ಕೋಸು, ಮೆಣಸಿನಕಾಯಿ ಒಳಗೆ ಕಾಲಿಡುವಂತಿಲ್ಲ. ಹಿರಿಯರಿಗೆ ಪರಿಚಯವಿಲ್ಲದ್ದು ಬಡಿಸಬಾರದು ಎನ್ನುವುದು ಅವರ ವಿವರಣೆ. ಕಳೆದ ಸಲ ವಡೆ ಕರಿಯುತ್ತಿದ್ದವರ ಹತ್ತಿರ ಹೋದ ಅಕ್ಕನ ಮಗ, ‘ಭಟ್ಟಮಾಮ, ಹುಳಿಗೆ ಖಾರವೇ ಇಲ್ಲ’ ಅಂದ. ‘ಮೆಣಸು ಹಾಕಿದೀನಲ್ಲೋ, ಸಾಲದಾ?’ ಎಂದರು. ಊಟವಾಗಿ, ಎಲೆ ತೆಗೆದು, ದಕ್ಷಿಣೆ ತೆಗೆದುಕೊಂಡು ಹೊರಟವರು ಸ್ಕೂಟರ್ ಹತ್ತುವಾಗ ಅವನನ್ನೇ ಕರೆದು ಕೇಳಿದರು: ‘ಸರ್ಕಲ್ಲಿನ ಗೋಬಿ ಗಾಡಿ ಎಷ್ಟೊತ್ತಿಗೆ ತೆಗೀತಾನೋ? ಮನೇಲಿ ಮಕ್ಕಳು ತರೋಕೆ ಹೇಳಿದಾರೆ.’